ಕೇಳಿ ಹೇಳ್ತೀನಿ

ಕೇಳಿ ಹೇಳ್ತೀನಿ ಅನ್ನುವವರಿಗೆ ನಮ್ಮ ಮನೆಯಲ್ಲಿ ಯಾವತ್ತೂ ಬರಗಾಲವಿಲ್ಲ. ಮೊನ್ನೆ ಅಕ್ಕನ ಮಗಳು ಆಫೀಸಿನವರು ಏರ್ಪಡಿಸಿದ್ದ ತರಬೇತಿ ಮುಗಿಸಿಕೊಂಡು ಸೀದಾ ನಮ್ಮಲ್ಲಿಗೆ ಬಂದಳು. ಬದುಕಿನಲ್ಲೂ ಕೆಲಸದಲ್ಲೂ ಒಳ್ಳೆಯ ನಿರ್ಧಾರ ತೆಗೆದುಕೊಳ್ಳುವುದು ಹೇಗೆ ಅನ್ನೋದು ತರಬೇತಿಯ ವಿಷಯವಂತೆ. ದೋಸೆ ಹಾಕಿಕೊಟ್ಟೆ. ತಟ್ಟೆ ಹಿಡಿದುಕೊಂಡು ನಿಂತೇ ಇದ್ದಳು. “ಯಾಕೇ, ಏನಾಯ್ತು?” ಅಂದೆ. “ಚಿಕ್ಕಮ್ಮ, ಚಟ್ನಿ ಹಾಕ್ಕೊಳ್ಳಲಾ, ಪಲ್ಯ ಹಾಕ್ಕೊಳ್ಳಲಾ?” ಅಂದಳು.

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರೂ ಬಂತು. ಏಕೆಂದರೆ ಇವಳನ್ನು ನೋಡಿದರೆ ನಮ್ಮ ಅಪ್ಪಾಜಿಯನ್ನೇ ನೋಡಿದ ಹಾಗಾಗುತ್ತದೆ. ತೊಂಬತ್ತರ ದಶಕದ ನನ್ನ ದಿನಗಳೆಲ್ಲ ಹೀಗೆ ತಟ್ಟೆ ಹಿಡಿದು ನಿಂತವರ ನಡುವೆಯೇ ಕಳೆದವು. ಅವರಲ್ಲಿ ಬಹಳ ಜನ ಈಗಿಲ್ಲ. ಇದ್ದಾಗ ಅವರ ಮೇಲೆ ಹಲ್ಲು ಕಡಿಯುತ್ತಿದ್ದೆ, ಈಗ ನೆನಪಾದರೆ ಸಾಕು, ಒಬ್ಬಳೇ ಕೂತು ನಗುತ್ತೇನೆ.

ಆಗ ನಮ್ಮ ಮನೆ ಭದ್ರಾವತಿಯ ಓಲ್ಡ್ ಟೌನಿನಲ್ಲಿತ್ತು. ನನ್ನ ಕೆಲಸ ಶಿವಮೊಗ್ಗದ ದಾರಿಯಲ್ಲಿರುವ ಮಾಚೇನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ. ಶೆಡ್ಡಿನ ಒಳಗೆ ಲೇತು, ಪ್ರೆಸ್ಸು, ಗ್ರೈಂಡರ್. ಮೂಲೆಯಲ್ಲಿ ಗಾಜಿನ ಕಿಟಕಿಯ ಒಂದು ಕೋಣೆ. ಆ ಕೋಣೆಯೇ ಆಫೀಸು, ಆ ಆಫೀಸೇ ನಾನು. ಟೈಪಿಂಗು, ಫೋನು, ಬಿಲ್ಲು, ಹಾಜರಿ, ವರ್ಕ್‌ಶಾಪಿನ ಯಜಮಾನರು ಕಳೆದುಕೊಂಡ ಕನ್ನಡಕ ಹುಡುಕಿಕೊಡುವುದು, ಎಲ್ಲ ನನ್ನದೇ. ಒಂದು ದಿನ ಯಜಮಾನರು ಕರೆದು, “ಶಿವಮೊಗ್ಗದ ಅಂಗಡಿ ನೋಡ್ಕೊಳ್ಳೋದರಲ್ಲೇ ನನಗೆ ಹೊತ್ತು ಹೋಗ್ತದೆ. ಇಲ್ಲಿ ಆಫೀಸು ಪೂರ್ತಿ ನೀವೇ ನೋಡ್ಕೊಳ್ಳಿ ಅಂತ ನನ್ನ ಯೋಚನೆ. ಇನ್‌ಚಾರ್ಜ್ ಅಂತ ಬಾಗಿಲಿಗೆ ಬೋರ್ಡ್ ಹಾಕಿಸ್ತೀನಿ,” ಅಂದರು. ನಾನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದು, “ಈಗಲೇ ಏನೂ ಹೇಳಬೇಡಿ. ನಿಮ್ಮ ತಂದೆಯವರನ್ನ ಕೇಳಿ ಹೇಳಿ,” ಅಂದರು.

ಮನೆಗೆ ಹೋಗಿ ಅಪ್ಪಾಜಿಯನ್ನು ಕೇಳಿದೆ.

“ನಾಳೆ ನಿನ್ನ ಮದುವೆ ಆದ್ಮೇಲೆ ಅವರು ಕೆಲಸ ಬಿಡು ಅಂದ್ರೆ? ಗಂಡಿನ ಕಡೆಯವರನ್ನ ಕೇಳಿ ಹೇಳ್ತೀವಿ ಅಂತ ತಿಳಿಸು.”

“ಯಾವ ಗಂಡು ಅಪ್ಪಾಜಿ?”

“ಅದು ಇನ್ನೂ ಗೊತ್ತಾಗಬೇಕು.”

ನನಗೆ ಆ ಕೆಲಸ ಬೇಕಿತ್ತು. ಬೋರ್ಡಿಗಾಗಿ ಅಲ್ಲ. ಬೆಳಿಗ್ಗೆ ಆ ಕೋಣೆಯ ಬೀಗ ತೆಗೆದು, ಟೇಬಲ್ಲಿನ ಧೂಳು ಒರೆಸಿ, ಕುರ್ಚಿ ಎಳೆದುಕೊಂಡು ಕೂತರೆ ನನ್ನದು ಅನ್ನುವ ಒಂದು ಜಾಗ ಇದೆ ಅನ್ನಿಸುತ್ತಿತ್ತು. ಓಲ್ಡ್ ಟೌನಿನ ಮನೆಯಲ್ಲಿ ನನ್ನದು ಅಂತ ಒಂದು ಗೂಟವೂ ಇರಲಿಲ್ಲ. ಅಷ್ಟು ಜನ ಅಷ್ಟು ಜನರನ್ನು ಕೇಳುತ್ತಿದ್ದರು, ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ.

ತಿಳಿದವರು

ಅಪ್ಪಾಜಿಯ ಸ್ವಭಾವ ಗೊತ್ತಾಗಬೇಕಾದರೆ ಮಿಕ್ಸಿಯ ವಿಷಯ ಹೇಳಬೇಕು. ಅವರು ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಯಾವಾಗ ಏಳಬೇಕು, ಯಾವಾಗ ಊಟ, ಯಾವಾಗ ಮನೆ ಅನ್ನೋದನ್ನೆಲ್ಲ ಅಷ್ಟು ವರ್ಷ ಸೈರನ್ನೇ ಹೇಳುತ್ತಿತ್ತು. ಸೈರನ್ ನಿಂತ ಮೇಲೆ ಆ ಜಾಗಕ್ಕೆ ಶಿವಮೊಗ್ಗದಲ್ಲಿದ್ದ ದೊಡ್ಡಪ್ಪ ಬಂದರು.

ಅಮ್ಮ ಒರಳಿನ ಮುಂದೆ ಕೂತು ಸೊಂಟ ಹಿಡಿದುಕೊಂಡು, ಒಂದು ಮಿಕ್ಸಿ ತನ್ನಿ ಅಂದಳು. ಅಪ್ಪಾಜಿ, “ಅಣ್ಣನ್ನ ಕೇಳಿ ಹೇಳ್ತೀನಿ,” ಅಂದರು. ದೊಡ್ಡಪ್ಪನೂ ಅದೇ ತಾಯಿಯ ಮಗ. “ನಮ್ಮ ಬೀಗರನ್ನ ಕೇಳಿ ಹೇಳ್ತೀನಿ,” ಅಂದರು. ಯಾರಿಗೆ ಮಿಕ್ಸಿ ಅಂತ ದೊಡ್ಡಪ್ಪ ಬೀಗರಿಗೆ ಹೇಳಲಿಲ್ಲ, ಬೀಗರಿಗೂ ಮೆಷಿನ್ನಿನ ಗಂಧವಿಲ್ಲ. ಆದರೆ ಭದ್ರಾವತಿಯಲ್ಲಿ, ಕಾರ್ಖಾನೆಯಲ್ಲಿದ್ದು ರಿಟೈರ್ ಆದವರೊಬ್ಬರ ಪರಿಚಯವಿತ್ತು. ಅವರ ಪಕ್ಕದ ಮನೆಯ ಫೋನಿಗೆ ಕರೆ ಮಾಡಿ, ಅವರನ್ನು ಕರೆಸಿ ಕೇಳಿದರು. ಆ ಅವರೇ ನಮ್ಮ ಅಪ್ಪಾಜಿ.

“ಯಾರೋ ಪರಿಚಯದವರು ಮಿಕ್ಸಿ ತಗೋಬೇಕು ಅಂತಿದಾರೆ. ತಗೋಬಹುದಾ? ನೀವು ಮೆಷಿನ್ ಜೊತೆ ಬದುಕಿದವರು.”

ಅಪ್ಪಾಜಿಗೆ ಎದೆ ಉಬ್ಬಿಹೋಯಿತು. ನಾನು ಪಕ್ಕದಲ್ಲೇ ನಿಂತಿದ್ದೆ. “ಯಾವ ಕಾಲದಲ್ಲಿದಾರ್ರೀ ಅವರು? ಪಾಪ, ಮನೆ ಹೆಂಗಸು ರುಬ್ಬಿ ರುಬ್ಬಿ ಸಾಯ್ತಾ ಇರಬೇಕು. ಯೋಚನೆ ಮಾಡೋಕೆ ಏನಿದೆ ಅದರಲ್ಲಿ? ಇವತ್ತೇ ತಗೊಳ್ಳೋಕೆ ಹೇಳಿ!” ಅಂದು ಫೋನಿಟ್ಟರು.

ಮನೆಗೆ ಬಂದಾಗ ಅಮ್ಮ ರುಬ್ಬುತ್ತಲೇ ಇದ್ದಳು. “ಯಾರದಂತೆ ಫೋನು?”

“ಎಂಥೆಂಥ ಜನ ಇರ್ತಾರೆ ಮಾರಾಯ್ತಿ. ಒಂದು ಮಿಕ್ಸಿ ತಗೊಳ್ಳೋಕೂ ಊರೆಲ್ಲ ಕೇಳೋರು.”

“ನಮ್ಮದು?”

“ಅಣ್ಣನ ಉತ್ತರ ಬರಲಿ.”

ಸಂಜೆ ದೊಡ್ಡಪ್ಪನ ಫೋನು ಬಂತು. ಭದ್ರಾವತಿಯಲ್ಲೇ ಈ ವಿಷಯ ಚೆನ್ನಾಗಿ ತಿಳಿದವರೊಬ್ಬರು ಇದ್ದಾರಂತೆ, ಖಂಡಿತ ತಗೊಳ್ಳಿ ಅಂದರಂತೆ. ಅಪ್ಪಾಜಿ ಆ ಕ್ಷಣವೇ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟರು. ಬಾಗಿಲಲ್ಲಿ ತಿರುಗಿ ನಿಂತು ನನಗೆ ಬುದ್ಧಿ ಹೇಳಿದರು: “ನೋಡಿದೆಯಾ? ತಿಳಿದವರನ್ನ ಕೇಳ್ಬೇಕು ಅನ್ನೋದು ಇದಕ್ಕೇ.”

ಆ ತಿಳಿದವರು ಯಾರು ಅಂತ ಅಪ್ಪಾಜಿ ಬದುಕಿರುವವರೆಗೂ ನಾನು ಅವರಿಗೆ ಹೇಳಲಿಲ್ಲ. ಅಮ್ಮ ಹೇಳಬೇಡ ಅಂದಿದ್ದಳು.

ಬೆಳಗಿನ ಬಸ್ಸು

ಓಲ್ಡ್ ಟೌನಿನಿಂದ ಶಿವಮೊಗ್ಗಕ್ಕೆ ಹೋಗುವ ಬೆಳಗಿನ ಖಾಸಗಿ ಬಸ್ಸಿನಲ್ಲಿ ನಾವೆಲ್ಲ ಕಾಯಂ ಗಿರಾಕಿಗಳು. ಮುಂದಿನ ಸೀಟಿನಲ್ಲಿ ಟೀಚರಮ್ಮ, ಅವರ ಪಕ್ಕ ನಾನು, ಹಿಂದೆ ನಮ್ಮ ವರ್ಕ್‌ಶಾಪಿನ ಸ್ಟೋರ್‌ಕೀಪರು, ಅವರ ಹಿಂದೆ ಮಲವಗೊಪ್ಪದಲ್ಲಿ ಇಳಿಯುವ ಒಂದು ದಂಡು. ಯಾರ ಮನೆಯಲ್ಲಿ ಏನೇ ಪ್ರಶ್ನೆ ಎದ್ದರೂ ಮರುದಿನ ಬೆಳಿಗ್ಗೆ ಅದು ಬಸ್ಸಿಗೆ ಬರುತ್ತಿತ್ತು. ಮನೆಯವರನ್ನು ಕೇಳುವ ಮೊದಲು ಬಸ್ಸನ್ನು ಕೇಳುವುದು ನಮ್ಮ ಪದ್ಧತಿ.

ಸ್ಟೋರ್‌ಕೀಪರು ಒಮ್ಮೆ ಮಗನನ್ನು ಕನ್ನಡ ಮೀಡಿಯಂಗೆ ಹಾಕಲೋ ಇಂಗ್ಲಿಷ್ ಮೀಡಿಯಂಗೋ ಅಂತ ಕೇಳಿಬಿಟ್ಟರು. ಅಷ್ಟೇ. ಬಲಗಡೆ ಸೀಟುಗಳೆಲ್ಲ ಕನ್ನಡ, ಎಡಗಡೆಯವೆಲ್ಲ ಇಂಗ್ಲಿಷು. ಚರ್ಚೆಯ ಬಿಸಿಗೆ ಎಷ್ಟೋ ಜನ ತಮ್ಮ ಸ್ಟಾಪಿನಲ್ಲಿ ಇಳಿಯದೆ ಮುಂದೆ ಹೋಗಿ ಆಟೋದಲ್ಲಿ ವಾಪಸು ಬಂದದ್ದುಂಟು. ಬೇಸಿಗೆ ರಜೆ ಪೂರ್ತಿ ಇದೇ ನಡೆಯಿತು. ಕೊನೆಗೆ ಕಂಡಕ್ಟರ್‌ಗೆ ತಲೆ ಕೆಟ್ಟಿತು. “ಸಾರ್, ಯಾವ ಸ್ಕೂಲ್ ಮುಂದೆ ನಮ್ಮ ಬಸ್ ನಿಲ್ಲುತ್ತೋ ಅಲ್ಲಿಗೆ ಹಾಕಿ. ಮಗು ಮಳೆಯಲ್ಲಿ ನೆನೆಯೋದಾದ್ರೂ ತಪ್ಪುತ್ತೆ,” ಅಂದ. ಸ್ಟೋರ್‌ಕೀಪರು ಹಾಗೇ ಮಾಡಿದರು. ಆ ಹುಡುಗ ಈಗ ಡಾಕ್ಟರು. ಅವನಿಗೆ ತಾನು ಯಾವ ಆಧಾರದ ಮೇಲೆ ಆ ಶಾಲೆಗೆ ಸೇರಿದೆ ಅನ್ನೋದು ಇವತ್ತಿಗೂ ಗೊತ್ತಿಲ್ಲ.

ಇಂಥ ಬಸ್ಸಿಗೆ ನನ್ನ ವಿಷಯವೂ ಒಂದು ದಿನ ಬಂತು. ದೊಡ್ಡಪ್ಪ ಒಂದು ಗಂಡು ನೋಡಿ ಫೋಟೋ ಕಳಿಸಿದ್ದರು. ಹುಡುಗ ಶಿವಮೊಗ್ಗದವನು, ಭದ್ರಾವತಿಯ ಯಾವುದೋ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಫೋಟೋವನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಟೀಚರಮ್ಮ ಚಿಲ್ಲರೆ ಹುಡುಕುವ ನೆಪದಲ್ಲಿ ಕೈ ಹಾಕಿ ಹೊರಗೆ ಎಳೆದೇಬಿಟ್ಟರು. ಫೋಟೋ ಕೈಯಿಂದ ಕೈಗೆ ದಾಟುತ್ತಾ ಕೊನೆಯ ಸೀಟಿನ ತನಕ ಹೋಯಿತು. ವಾಪಸು ಬರುವಾಗ ಅಭಿಪ್ರಾಯಗಳನ್ನೂ ಹೊತ್ತುಕೊಂಡು ಬಂತು. ಕ್ರಾಪು ಸರಿಯಿಲ್ಲ. ಕಿವಿ ಸ್ವಲ್ಪ ದೊಡ್ಡವು. ದೊಡ್ಡ ಕಿವಿ ಒಳ್ಳೆಯದು, ಹೆಂಡತಿ ಹೇಳಿದ್ದು ಕೇಳಿಸ್ತದೆ. ನಾನು ಭೂಮಿ ಬಾಯಿ ಬಿಡಬಾರದೇ ಅಂತ ಕಿಟಕಿಯ ಕಡೆ ತಿರುಗಿ ಕೂತಿದ್ದೆ.

ಅಷ್ಟರಲ್ಲಿ ಕಂಡಕ್ಟರ್ ಫೋಟೋ ನೋಡಿ, “ಅರೆ, ಇವರು ನಮ್ಮ ಸಂಜೆ ಟ್ರಿಪ್ಪಿನವರು! ತುಂಬಾ ಒಳ್ಳೆಯವರು ಮೇಡಂ,” ಅಂದ.

“ದಿನಾ ನಿಮ್ಮ ಬಸ್ಸಲ್ಲೇ ಬರ್ತಾರಾ?” ಅಂತ ಟೀಚರಮ್ಮ ಕೇಳಿದರು.

“ಬರೋದು ಕಡಿಮೆ. ಬಾಗಿಲ ಹತ್ತಿರ ನಿಂತು, ಈ ಬಸ್ಸಿಗೆ ಹತ್ತಲೋ ಹಿಂದಿನ ಬಸ್ಸಿಗೆ ಹತ್ತಲೋ ಅಂತ ಯೋಚನೆ ಮಾಡ್ತಾರೆ. ಅಷ್ಟೊತ್ತಿಗೆ ನಾನು ರೈಟ್ ಹೇಳಿರ್ತೀನಿ.”

ದೇವರ ಅಪ್ಪಣೆ

ಇತ್ತ ನಮ್ಮ ಯಜಮಾನರು ಉತ್ತರಕ್ಕೆ ಕಾದು ಸುಸ್ತಾಗಿದ್ದರು. ಅವರದು ವ್ಯಾಪಾರಸ್ಥರ ಮನೆತನ, ದೈವಭಕ್ತರು. ವರ್ಕ್‌ಶಾಪಿನ ಗೋಡೆಗೂಡಿನಲ್ಲಿ ಒಂದು ಈಶ್ವರಲಿಂಗವನ್ನು ಇಟ್ಟಿದ್ದರು. ಸೋಮವಾರ ಅಯ್ಯನವರು ಬಂದು ಪೂಜೆ ಮಾಡುತ್ತಿದ್ದರು. ದೊಡ್ಡ ವಿಷಯ ಏನೇ ಇದ್ದರೂ ಅಲ್ಲಿ ಹೂವಿನ ಪ್ರಸಾದ ಕೇಳುವುದು ರೂಢಿ. ಲಿಂಗದ ಎರಡೂ ಬದಿಗೆ ಒದ್ದೆ ಹೂವು ಅಂಟಿಸಿ ಕೈಮುಗಿದು ಕೂರುವುದು. ಬಲಗಡೆ ಬಿದ್ದರೆ ಹೂಂ, ಎಡಗಡೆ ಬಿದ್ದರೆ ಊಹೂಂ.

ಹಿಂದೊಮ್ಮೆ ಕೊಯಮತ್ತೂರಿನಿಂದ ಬಂದ ಸೇಲ್ಸ್‌ಮನ್ ಒಬ್ಬನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಹೊಸ ಲೇತು ಕೊಳ್ಳಲೋ ಬೇಡವೋ ಅಂತ ಕೇಳಿದ್ದರು. ಹೂವು ಅಲುಗಾಡಲಿಲ್ಲ. ಸೇಲ್ಸ್‌ಮನ್‌ಗೆ ರೈಲಿನ ಹೊತ್ತಾಗುತ್ತಿತ್ತು. ಇದ್ಯಾವುದೂ ತಿಳಿಯದ ನಮ್ಮ ಮೇಸ್ತ್ರಿ ಆ ಕಡೆ ಪ್ರೆಸ್ಸು ಚಾಲೂ ಮಾಡಿದ. ಮೊದಲ ಏಟಿಗೇ ನೆಲ ನಡುಗಿ, ಬಲದ ಹೂವೂ ಎಡದ ಹೂವೂ ಒಟ್ಟಿಗೇ ಬಿದ್ದವು. ಅಯ್ಯನವರು ಕಣ್ಣು ಕಣ್ಣು ಬಿಟ್ಟರು. ಯಜಮಾನರು ಮಾತ್ರ ಒಂದು ಗಳಿಗೆ ಯೋಚಿಸಿ, “ಅರ್ಥ ಆಯ್ತು. ಲೇತು ತಗೋ ಅಂತಿದಾನೆ. ಇವನ ಹತ್ರ ಬೇಡ ಅಂತಿದಾನೆ,” ಅಂದರು.

ನನ್ನ ವಿಷಯವೂ ಈಗ ಅಲ್ಲಿಗೇ ಹೋಯಿತು. ನನ್ನನ್ನು ಇನ್‌ಚಾರ್ಜ್ ಮಾಡಲೋ ಬೇಡವೋ ಅಂತ ಸೋಮವಾರ ಪ್ರಸಾದ ಕೇಳುವುದಾಗಿ ಯಜಮಾನರು ಘೋಷಿಸಿದರು. ನನಗೆ ಹಿಂದಿನ ದಿನ ಅನ್ನ ಸೇರಲಿಲ್ಲ. ಮೇಸ್ತ್ರಿ ತಮಿಳಿನವನು, ನನ್ನನ್ನು ಕಂಡರೆ ಮಗಳ ಹಾಗೆ. ಸೋಮವಾರ ಬೆಳಿಗ್ಗೆ ಹತ್ತಿರ ಬಂದು, “ಎನ್ನಮ್ಮಾ, ಮುಖ ಯಾಕೆ ಹಾಗಿದೆ? ಬಲದ ಹೂವಿಗೆ ನೀರು ಕಮ್ಮಿ ಹಾಕೋಕೆ ಅಯ್ಯನವರಿಗೆ ಹೇಳಿದೀನಿ. ಪ್ರೆಸ್ಸು ಮೆಲ್ಲಗೆ ಒಂದೇ ಏಟು ಹೊಡೀತೀನಿ. ಎಡದ್ದು ಅಲ್ಲಾಡಲ್ಲ,” ಅಂದ.

ಅಂಥ ಭರವಸೆಯನ್ನು ನನಗೆ ಆ ವರ್ಷ ಬೇರೆ ಯಾರೂ ಕೊಟ್ಟಿರಲಿಲ್ಲ.

ಪೂಜೆ ಆಯಿತು. ಎಲ್ಲರೂ ಕೈಮುಗಿದು ಕೂತೆವು. ಮೇಸ್ತ್ರಿ ಪ್ರೆಸ್ಸಿನ ಸ್ವಿಚ್ ಒತ್ತಿದ, ಸರಿಯಾಗಿ ಆಗಲೇ ಕರೆಂಟು ಹೋಯಿತು. ಲೋಡ್ ಶೆಡ್ಡಿಂಗ್ ದಿನಗಳು. ಶೆಡ್ಡು ಗಪ್‌ಚಿಪ್. “ದೇವರು ಯೋಚನೆ ಮಾಡ್ತಿದಾನೆ,” ಅಂತ ಯಜಮಾನರು ಪಿಸುಗುಟ್ಟಿದರು. ನಾವು ಕೂತೆವು, ಕೂತೇ ಇದ್ದೆವು. ಸ್ಟೋರ್‌ಕೀಪರು ಸಣ್ಣಗೆ ಗೊರಕೆ ಶುರು ಮಾಡಿದರು. ಬೇಸತ್ತು ಎದ್ದುಹೋದ ಹುಡುಗರು ಕರೆಂಟು ಬಂತೇನೋ ಅಂತ ಎಲ್ಲ ಸ್ವಿಚ್ಚುಗಳನ್ನೂ ಒತ್ತಿ ನೋಡಿ ಹಾಗೇ ಬಿಟ್ಟಿದ್ದರು ಅನ್ನೋದು ಕರೆಂಟು ಬಂದಾಗಲೇ ತಿಳಿದದ್ದು. ಪ್ರೆಸ್ಸು, ಲೇತು, ಗ್ರೈಂಡರ್, ಎಲ್ಲ ಒಟ್ಟಿಗೆ ಅಬ್ಬರಿಸಿ ಎದ್ದವು. ಬಲದ ಹೂವು, ಎಡದ ಹೂವು, ನೆತ್ತಿಯ ಬಿಲ್ವಪತ್ರೆ, ಹಾರ, ದೀಪ, ಒಂದೂ ಉಳಿಯಲಿಲ್ಲ. ಹಣ್ಣುಕಾಯಿ ತಟ್ಟೆಯ ಬಾಳೆಹಣ್ಣು ಕೂಡ ಕೆಳಗೆ ಬಂತು.

ಯಜಮಾನರು ಆ ರಾಶಿಯಲ್ಲಿ ಬಲದ ಹೂವು ಯಾವುದು, ಎಡದ್ದು ಯಾವುದು ಅಂತ ಕೆದಕಿ ನೋಡಿದರು. “ಈ ವಿಷಯ ದೇವರಿಗೂ ತಿಳೀತಾ ಇಲ್ಲಮ್ಮ,” ಅಂದರು ಕೊನೆಗೆ. “ನಾನೇ ಬಂದು ನಿಮ್ಮ ತಂದೆಯವರನ್ನ ಕೇಳ್ತೀನಿ.”

ತಟ್ಟೆ

ಗಂಡಿನ ಕಡೆಯವರು ಹೆಣ್ಣು ನೋಡಲು ಬರುವ ಭಾನುವಾರವೇ ಅಪ್ಪಾಜಿ ಯಜಮಾನರನ್ನೂ ಬರಹೇಳಿದರು. “ಎಲ್ಲರೂ ಒಂದೇ ಕಡೆ ಇದ್ರೆ ಒಬ್ಬರನ್ನೊಬ್ಬರು ಕೇಳೋಕೆ ಅನುಕೂಲ,” ಅನ್ನೋದು ಅವರ ಲೆಕ್ಕ.

ಒಂದು ಕಡೆ ಅಪ್ಪಾಜಿ, ದೊಡ್ಡಪ್ಪ, ನಮ್ಮ ಯಜಮಾನರು. ಎದುರಿಗೆ ಹುಡುಗ, ಅವರ ತಾಯಿ ಮತ್ತು ಅವರ ಸೋದರಮಾವ. ಮೀಸೆ, ಗಂಧದ ಬೊಟ್ಟು, ಗಟ್ಟಿ ಗಂಟಲು. ಆ ಮನೆಯ ಮಾತೆಲ್ಲ ಈ ಮಾವನದೇ ಅಂತ ನೋಡಿದ ಕೂಡಲೇ ತಿಳಿಯುತ್ತಿತ್ತು. ಉಪ್ಪಿಟ್ಟು, ಕೇಸರಿಬಾತು ಮುಗಿದವು. ನಾನು ಕಾಫಿ ತಂದೆ. ಅಮ್ಮ ಸಂಭ್ರಮಕ್ಕೆ ಅಂತ ಹಿತ್ತಾಳೆಯ ದೊಡ್ಡ ತಟ್ಟೆ ಕೊಟ್ಟಿದ್ದಳು. ಅದೇ ಒಂದು ಮಣ ಭಾರ, ಮೇಲೆ ತುಂಬಿದ ಲೋಟಗಳು.

ಹುಡುಗ ತಟಕ್ಕನೆ ಎದ್ದು ಬಂದು, “ಭಾರ ಇದೆ, ಇಲ್ಲಿ ಕೊಡಿ,” ಅಂತ ತಟ್ಟೆಯನ್ನು ಇಸಿದುಕೊಂಡರು. ಹೆಣ್ಣು ನೋಡಲು ಬಂದ ಗಂಡು ಹೀಗೆ ಮಾಡುವುದುಂಟೇ? ಕೋಣೆಯೇ ಬೆಚ್ಚಿತು. ಆ ವರ್ಷ ಯಾರಾದರೂ ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಅಲ್ಲೇ ಇಷ್ಟವಾಗಿಬಿಟ್ಟರು.

“ಏಯ್, ಕೂತ್ಕೋ!” ಅಂದರು ಅವರ ತಾಯಿ. ಕೂತರು, ತಟ್ಟೆಯ ಸಮೇತ. ಮುಂದೆ ಅದನ್ನು ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ, ಅವರೂ ತೊಡೆಯ ಮೇಲೆ ಇಟ್ಟುಕೊಂಡು ಕೂತೇಬಿಟ್ಟರು.

ಮಾವ ಗಂಟಲು ಸರಿಮಾಡಿಕೊಂಡರು. “ನಮ್ಮದೇನೂ ಒತ್ತಾಯ ಇಲ್ಲ. ಆದ್ರೂ ಒಂದು ಮಾತು. ಮದುವೆ ಆದ್ಮೇಲೆ ಹುಡುಗಿ ಕೆಲಸ ಬಿಡ್ತಾಳೋ, ಮುಂದುವರಿಸ್ತಾಳೋ?”

“ನೀವು ಹೇಳಿದ ಹಾಗೆ,” ಅಂದರು ಅಪ್ಪಾಜಿ.

“ಛೆ ಛೆ, ಮಗಳು ನಿಮ್ಮದು. ನೀವು ಹೇಳಿದ ಹಾಗೆ.”

“ಅಣ್ಣ ಹೇಳಲಿ,” ಅಂದರು ಅಪ್ಪಾಜಿ. ದೊಡ್ಡಪ್ಪ, “ಅವಳ ಆಫೀಸಿನ ಯಜಮಾನರೇ ಬಂದಿದಾರಲ್ಲ, ಅವರನ್ನೇ ಕೇಳೋಣ,” ಅಂದರು. ಯಜಮಾನರು, “ನಾನು ಹೊರಗಿನವನು. ನಾಳೆ ಸೊಸೆ ಜೊತೆ ಬಾಳೋರು ತಾಯಿ. ಅವರು ಹೇಳಲಿ,” ಅಂದರು. ತಾಯಿ ಸೆರಗು ಸರಿಮಾಡಿಕೊಂಡು, “ನನಗೇನು ತಿಳೀತದೆ? ನಮ್ಮಣ್ಣ ಹೇಳಿದ ಹಾಗೆ,” ಅಂದರು. ಮಾತು ಒಂದು ಸುತ್ತು ಹಾಕಿ ಮಾವನ ಮಡಿಲಿಗೇ ವಾಪಸು ಬಂತು. ಅವರು ಮತ್ತೆ ಅಪ್ಪಾಜಿಯ ಮುಖ ನೋಡಿದರು.

ಇನ್ನೊಂದು ಸುತ್ತು ಶುರುವಾಯಿತು. ಕಾಫಿಯ ಮೇಲೆ ಕೆನೆ ಕಟ್ಟುತ್ತಿತ್ತು. ಹುಡುಗನ ಹಣೆಯ ಮೇಲೆ ಬೆವರು, ತೊಡೆಯ ಮೇಲೆ ಲೋಟಗಳು ಕಟಕಟ ಅನ್ನುತ್ತಿದ್ದವು. ಅವರು ನನ್ನ ಕಡೆ ನೋಡಿದರು. ನಾನು ಆ ಮುಖಗಳನ್ನೆಲ್ಲ ಒಮ್ಮೆ ನೋಡಿದೆ. ಒಬ್ಬರೂ ಕೆಟ್ಟವರಲ್ಲ. ನನ್ನ ಕುರ್ಚಿ ಕಿತ್ತುಕೊಳ್ಳಬೇಕು ಅಂತ ಬಂದವರೂ ಅಲ್ಲ. ಹೀಗೇ ಬಿಟ್ಟರೆ ಇವರೆಲ್ಲ ಸೇರಿ ಪ್ರೀತಿಯಿಂದಲೇ ಅದನ್ನು ಕಳೆದುಹಾಕುತ್ತಾರೆ ಅಂತ ನನಗೆ ಅನ್ನಿಸಿತು.

“ನಾನು ಕೆಲಸ ಬಿಡಲ್ಲ,” ಅಂದೆ. ಅಂದುಕೊಂಡಿದ್ದಕ್ಕಿಂತ ಜೋರಾಗಿಯೇ ಬಂತು ದನಿ. “ಆಫೀಸು ನಾನೇ ನೋಡ್ಕೋತೀನಿ. ಮದುವೆ ಆದ್ರೂ ಸರಿ, ಆಗದೇ ಇದ್ರೂ ಸರಿ.”

ಅಡುಗೆಮನೆಯಲ್ಲಿ ಅಮ್ಮ ಏನನ್ನೋ ಬೀಳಿಸಿದಳು. ಈಗ ಮಾವ ಎದ್ದು ಹೊರಡುತ್ತಾರೆ, ಅಪ್ಪಾಜಿ ನನ್ನನ್ನು ಜೀವಂತ ಉಳಿಸುವುದಿಲ್ಲ ಅಂತ ಕಾದೆ. ಏನೂ ಆಗಲಿಲ್ಲ. ಆಗ ನನಗೆ ಹೊಳೆಯಿತು: ಬೇಡ ಅನ್ನಬೇಕಾದರೂ ಅವರಲ್ಲಿ ಯಾರಾದರೊಬ್ಬರು ನಿರ್ಧಾರ ಮಾಡಬೇಕಿತ್ತಲ್ಲ!

ಮಾವ ಉದ್ದಕ್ಕೆ ಉಸಿರು ಬಿಟ್ಟರು. “ಅಬ್ಬ! ಹಾಗಂತ ಮೊದಲೇ ಹೇಳಬಾರದೇನಮ್ಮ? ನಮಗೂ ಎಷ್ಟು ಸುಲಭ ಆಗ್ತಿತ್ತು.”

“ಹೌದಲ್ಲ, ನನಗೂ ಹೇಳಲಿಲ್ಲ ನೀವು,” ಅಂದರು ಯಜಮಾನರು.

“ನೀವು ನನ್ನನ್ನ ಕೇಳಲಿಲ್ಲವಲ್ಲ ಸಾರ್,” ಅಂದೆ. ಆಮೇಲೆ ಹುಡುಗನ ಕಡೆ ತಿರುಗಿ, “ಅದನ್ನ ಟೀಪಾಯಿ ಮೇಲೆ ಇಡಿ,” ಅಂದೆ. ಇಟ್ಟರು. ಕೈ ಕೊಡವಿಕೊಂಡು ನಕ್ಕರು.

ಅಲ್ಲಿಂದ ಶುರುವಾಯಿತು ನೋಡಿ. ಒಮ್ಮೆ ನಿರ್ಧಾರ ಮಾಡುವವರು ಸಿಕ್ಕಿದ ಮೇಲೆ ಯಾರು ಬಿಡುತ್ತಾರೆ? ಮದುವೆ ಮಾತುಕತೆ ಶಿವಮೊಗ್ಗದಲ್ಲಾ, ಇಲ್ಲೇನಾ ಅಂತ ದೊಡ್ಡಪ್ಪ ನನ್ನನ್ನು ಕೇಳಿದರು. ಬೋರ್ಡು ಕನ್ನಡದಲ್ಲಾ ಇಂಗ್ಲಿಷಿನಲ್ಲಾ ಅಂತ ಯಜಮಾನರು ಕೇಳಿದರು. ಆರಿದ ಕಾಫಿ ಕುಡಿಯಲೋ ಬಿಸಿ ಮಾಡಿಸಲೋ ಅಂತ ಮಾವ ಕೇಳಿದರು. ಅಪ್ಪಾಜಿ ಕೂಡ ನನ್ನ ಮುಖ ನೋಡಿಯೇ ಮಾತಾಡುತ್ತಿದ್ದರು. ಅವರಿಗೆ ಸೈರನ್ ವಾಪಸು ಸಿಕ್ಕಿದಷ್ಟು ನೆಮ್ಮದಿಯಾಗಿತ್ತು.

ಕೊನೆಗೆ ಎಲ್ಲರೂ ಎದ್ದರು. “ಇನ್ನು ಹುಡುಗನ ಒಪ್ಪಿಗೆ ಒಂದು. ಮನೇಲಿ ಕೂತು ಅವನನ್ನ ಕೇಳಿ ತಿಳಿಸ್ತೀವಿ,” ಅನ್ನುತ್ತಾ ಮಾವ ಅಂಗಳಕ್ಕೆ ಇಳಿದರು. ಹಿರಿಯರೆಲ್ಲ ಅವರ ಹಿಂದೆ ಗೇಟಿನ ತನಕ ಹೋದರು. ಹುಡುಗ ಮಾತ್ರ ಬಾಗಿಲಲ್ಲೇ ಹಿಂದೆ ಉಳಿದು, ಚಪ್ಪಲಿ ಮೆಟ್ಟುವ ನೆಪದಲ್ಲಿ ಬಗ್ಗಿದರು. ಅತ್ತಿತ್ತ ನೋಡಿ, ದನಿ ತಗ್ಗಿಸಿ, “ಒಂದು ಸಹಾಯ ಮಾಡ್ತೀರಾ?” ಅಂದರು.

“ಏನು?”

“ನನಗೆ ಒಪ್ಪಿಗೆ ಇದೆ. ಅದನ್ನೂ ನೀವೇ ಹೇಳಿಬಿಡಿ.”

ಗೇಟು ದಾಟುತ್ತಿದ್ದ ಮಾವನವರನ್ನು ಕೂಗಿ ಕರೆದು, ಹೇಳಿಬಿಟ್ಟೆ.